ಬಿದ್ದವನು ಏಳುವ ರೀತಿ

ಅಮೆರಿಕದ ಟೊಲೆಡೊ ಊರಿನಲ್ಲಿ ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಕಾಗದ ಹಂಚಿದ ವಾಂಡಾ ಕೊವಾಲಿಕ್‌ಗೆ, ಗಂಡ ಸ್ಟಾನ್ ತೀರಿಕೊಂಡ ಮೇಲೆ, ನಮ್ಮ ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲಿದ್ದ ಅವನ ಜಾಗ ಬಂತು. ಹನ್ನೆರಡು ಜನರ ಲೀಗು ಅದು. ಪ್ರತಿ ಆಗಸ್ಟಿನಲ್ಲಿ ಕ್ಷೌರಿಕ ಲೂ ಹರ್ಗ್ರೋವನ ಗ್ಯಾರೇಜಿನಲ್ಲಿ ಸೇರಿ, ದೊಡ್ಡ ತಂಡಗಳಲ್ಲಿ ನಿಜವಾಗಿ ಆಡುವವರ ಪೈಕಿ ನಮಗೆ ಬೇಕಾದ ಆಟಗಾರರ ಹೆಸರಿನ ಚೀಟಿಗಳನ್ನು ಸರದಿಯಂತೆ ಹಲಗೆಗೆ ಅಂಟಿಸುತ್ತೇವೆ. ಅವರು ಮೈದಾನದಲ್ಲಿ ಓಡಿದಷ್ಟೂ ನಮಗೆ ಅಂಕ. ಸತತ ಎರಡು ವರ್ಷ ಕೊನೆಗೆ ಬಂದವರ ಜಾಗ ಹೋಗುತ್ತದೆ. ವಾಂಡಾ ಮೊದಲ ವರ್ಷ ಕೊನೆಯವಳಾಗಿದ್ದಳು.

ಎರಡನೇ ಆಗಸ್ಟಿನಲ್ಲಿ ಅವಳ ಸರದಿ ಬಂದಾಗ, ಚೆಂಡು ಹೊತ್ತು ಓಡುವವರಲ್ಲಿ ಹೇಳಿಕೊಳ್ಳುವಂಥವರು ಇಬ್ಬರೇ ಉಳಿದಿದ್ದರು. ಡೆಸ್ಮಂಡ್ ಕ್ರೇಲ್ ಆರು ವರ್ಷ ಆಡಿದವನು. ಯಾವ ವರ್ಷವೂ ಸಾವಿರ ಗಜಕ್ಕೆ ಕಡಿಮೆ ಓಡಿದ್ದಿಲ್ಲ. ಟೋಬಿ ಅಸಾಂಟೆ ಆಗಷ್ಟೇ ಕಾಲೇಜು ಮುಗಿಸಿ ಬಂದ ಹೊಸಬ. ವಾಂಡಾ ಹೊಸಬನ ಚೀಟಿ ಅಂಟಿಸಿದಳು. ಆ ದಿನ ಅಂಟಿಸಿದ ಚೀಟಿಯನ್ನು ಕೀಳುವಂತಿಲ್ಲ.

“ಅಯ್ಯೋ ವಾಂಡಾ, ಕ್ರೇಲ್‌ನ ಬಿಟ್ಟು ಕೂಸನ್ನ ಎತ್ಕೊಂಡ್ಯಲ್ಲೇ! ಹಾಲಿನ ಬಾಟ್ಲಿ ಕೊಡಿಸ್ಲಾ?” ಎಂದ ಲೂ, ಕ್ರೇಲ್‌ನ ಚೀಟಿಯನ್ನು ತಾನೇ ಅಂಟಿಸುತ್ತ.

“ನೀನೊಂದು ಊರುಗೋಲು ತಂದಿಡು, ಬೇಕಾಗತ್ತೆ.”

ಕಾರಣ ಕೇಳಿದ್ದು ಆಮೇಲೆ. ನಾವೆಲ್ಲ ಓಟ ನೋಡಿದ್ದೆವು. ವಾಂಡಾ ಕ್ರೇಲ್‌ನ ಹಿಂದಿನ ವರ್ಷದ ಹದಿನೇಳೂ ಆಟಗಳನ್ನು ಹಾಕಿಕೊಂಡು, ಎದುರಾಳಿಗಳು ಕೆಡವಿ ಶಿಳ್ಳೆ ಊದಿದ ಮೇಲೆ ಅವನು ಏಳುವುದನ್ನು ಮಾತ್ರ ನೋಡಿದ್ದಳು. ಇನ್ನೂರ ಎಪ್ಪತ್ತು ಸಲ ಬಿದ್ದಿದ್ದ. ಅವಳ ನೋಟ್‌ಬುಕ್ಕಿನಲ್ಲಿ ಇನ್ನೂರ ಎಪ್ಪತ್ತು ಗೆರೆ. ನವೆಂಬರಿನ ತನಕ ಒಮ್ಮೆಯೂ ಕೈ ಊರಿರಲಿಲ್ಲ. ಆಮೇಲೆ ಪ್ರತಿ ಸಲವೂ ಎಡಗೈ ನೆಲದ ಮೇಲೆ.

“ಮೆಟ್ಟಿಲು ಹತ್ತೀ ಹತ್ತೀ ನನ್ನ ಮೊಣಕಾಲು ಹೋದಾಗ ನಾನೂ ಹೀಗೇ ಕೈ ಊರ್ತಿದ್ದೆ. ನಂಗೇ ಗೊತ್ತಿರ್ಲಿಲ್ಲ. ಬೀದಿ ತುಂಬಾ ಇದ್ದ ನಾಯಿಗಳಿಗೆ ಗೊತ್ತಾಗಿತ್ತು.”

ಸೆಪ್ಟೆಂಬರಿಡೀ ಅಸಾಂಟೆ ಬೆಂಚಿನ ಮೇಲೇ ಕೂತಿದ್ದ. ಕ್ರೇಲ್ ಚೆನ್ನಾಗಿಯೇ ಓಡಿದ. ವಾಂಡಾ ಪಟ್ಟಿಯ ತಳದಲ್ಲಿದ್ದಳು. ಆಟಗಳು ಶುರುವಾದ ಮೇಲೆ ಆಟಗಾರರನ್ನು ಬದಲಿಸಬಹುದು; ಹೊಸಬನನ್ನು ಕೈಬಿಡು ಎಂದು ಎಲ್ಲರೂ ಹೇಳಿದೆವು. ಬಿಡಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಬಿದ್ದ ಕ್ರೇಲ್, ಎರಡೂ ಕೈ ಊರಿದರೂ ಏಳಲಿಲ್ಲ. ಗ್ಯಾರೇಜಿನ ಟೀವಿಯಲ್ಲಿ ನಾವೆಲ್ಲ ನೋಡುತ್ತಿದ್ದೆವು. ವಾಂಡಾ ಮುಖ ತಿರುಗಿಸಿಕೊಂಡಳು. ಅದೇ ವಾರ ಅಸಾಂಟೆಯನ್ನು ಅವನ ತಂಡ ಮೈದಾನಕ್ಕಿಳಿಸಿತು. ಅಲ್ಲಿಂದ ಅವನು ನಿಲ್ಲಲಿಲ್ಲ.

ಡಿಸೆಂಬರಿನಲ್ಲಿ ವಾಂಡಾ ಎಂಟನೆಯವಳು, ಲೂ ಹನ್ನೆರಡನೆಯವನು. ಸ್ಟಾನ್‌ನ ಜಾಗ ಉಳಿಯಿತು.

ಅಂಕಪಟ್ಟಿ ಓದಿ ಮುಗಿದ ಮೇಲೆ ಲೂ ಮೇಜಿಗೆ ಕೈಯೂರಿ ಏಳಹೊರಟವನು ಅರ್ಧಕ್ಕೇ ನಿಂತ.

“ವಾಂಡಾ, ಸ್ವಲ್ಪ ಆ ಕಡೆ ತಿರುಗೇ ಮಾರಾಯ್ತಿ. ನಾನು ಏಳ್ಬೇಕು.”