ಸಸಿಗಳ ಚಾದರ

ರಾಯಚೂರಿನ ನನ್ನ ಬಾಡಿಗೆ ಮನೆಯ ಒಡತಿಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಭಾನುವಾರಗಳಲ್ಲಿ ಅವರ ಅಂಗಳದಲ್ಲಿ ನಾವು ಗೆಳತಿಯರು ಸೇರಿ ಕಾಡಿನ ರೀತಿಯನ್ನೇ ಅನುಸರಿಸುವ ಪರ್ಮಾಕಲ್ಚರ್ ಪದ್ಧತಿಯ ಕೈತೋಟವನ್ನು ಕೈಯಾರೆ ಮಾಡಿ ಕಲಿಯುತ್ತಿದ್ದೆವು. ಬಿಸಿಲಿಗೆ ಮಣ್ಣು ಒಣಗದಿರಲೆಂದು ಬದನೆ ಸಸಿಗಳ ಬುಡಕ್ಕೆ ಬೇವಿನ ಒಣ ಎಲೆ ಹರಡಿದರೆ, ಬೆಳಗಾಗುವಷ್ಟರಲ್ಲಿ ಅವ್ವ ಗುಡಿಸಿ ಹಾಕಿರುತ್ತಿದ್ದರು.

“ಕಸ ಬಿದ್ದ ಮನ್ಯಾಗ ಲಕ್ಷ್ಮಿ ಕಾಲಿಡ್ತಾಳೇನಬೇ?” ಎನ್ನುತ್ತಿದ್ದರು.

ಸಸಿಗಳು ಬಾಡತೊಡಗಿದಾಗ ನಾನು ಹೇಳಿದೆ: “ಯವ್ವಾ, ಅದು ಕಸ ಅಲ್ಲ, ಸಸಿಗಳ ಚಾದರ.”

ಮರುದಿನ ಅವ್ವ ಇಡೀ ಓಣಿಯ ಎಲೆ ಗುಡಿಸಿ ತಂದು ಸಸಿಗಳ ಸುತ್ತ ಹೊದಿಸಿದ್ದರು. “ಮಲಗ್ಯಾವ. ಸಪ್ಪಳ ಮಾಡಬ್ಯಾಡ ಬೇ,” ಎಂದರು.

ಈಗ ಅವರು ದೇವದುರ್ಗದಲ್ಲಿ, ಮಗಳ ಮನೆಯಲ್ಲಿದ್ದಾರೆ. ಬದನೆ ಕಾಯಿ ಬಿಟ್ಟಿದೆ. ಅಂಗಳದ ತುಂಬ ಎಲೆ ಬಿದ್ದಿದೆ, ನಾವು ಬಯಸಿದ್ದ ಹಾಗೆಯೇ. ಬೆಳಗ್ಗೆ ಎಚ್ಚರವಾದರೂ ನಾನು ಸ್ವಲ್ಪ ಹೊತ್ತು ಏಳುವುದಿಲ್ಲ. ಕಸಬರಿಗೆಯ ಸಪ್ಪಳಕ್ಕೆ ಕಾಯುತ್ತೇನೆ.