ಮೈಕಕ್ಕ ಒಂದೇ ಸಲ ಹೇಳಿದ್ದು

ನಮ್ಮಕ್ಕ ಯಾವುದನ್ನೂ ಒಂದು ಸಲ ಹೇಳಿ ಬಿಟ್ಟವಳಲ್ಲ. ಬಸ್ ನಿಲ್ದಾಣದ ಮೈಕಿನ ಮುಂದೆಯೇ ಆಯುಷ್ಯ ಸವೆಸಿದವಳು. “ಪ್ರಯಾಣಿಕರ ಗಮನಕ್ಕೆ” ಎಂದು ಶುರುಮಾಡಿ, ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಎರಡೆರಡು ಸಲ ಹೇಳುವುದೇ ಅವಳ ಕೆಲಸ. ಆ ಚಾಳಿ ಮನೆಗೂ ಬಂತು. ಊಟಕ್ಕೆ ಕರೆಯುವುದು ಎರಡು ಸಲ, ನನ್ನನ್ನು ಬೈಯುವುದೂ ಎರಡು ಸಲ. “ಕೇಳಿಸ್ತು ಕಣಕ್ಕ, ನಾನೇನು ಬಸ್ ತಪ್ಪಿಸ್ಕೊಂಡೋಳಾ?” ಎಂದು ರೇಗುತ್ತಿದ್ದೆ. ಊರವರಿಗೆಲ್ಲ ಅವಳು ಮೈಕಕ್ಕ. ಗದ್ದಲದಲ್ಲಿ ಕೈತಪ್ಪಿದ ಮಕ್ಕಳನ್ನು ತನ್ನ ಗಾಜಿನ ಗೂಡಿನೊಳಗೆ ಕೂರಿಸಿಕೊಂಡು, ತಾಯಿ ಅಳುತ್ತಾ ಓಡಿಬರುವವರೆಗೂ ಕೂಗುತ್ತಿದ್ದಳು.

ನಿವೃತ್ತಿಯಾಯಿತು, ಭಾವ ತೀರಿಕೊಂಡರು, ಅಕ್ಕ ನನ್ನ ಮನೆಗೆ ಬಂದಳು. ಅಷ್ಟರಲ್ಲಿ ಹಲ್ಲೆಲ್ಲ ಉದುರಿ ಸೆಟ್ಟು ಹಾಕಿಸಿಕೊಂಡಿದ್ದಳು. ಅದಿಲ್ಲದೆ ಅವಳ ಬಾಯಿ ನೋಡಿದವಳು ನಾನೊಬ್ಬಳೇ. “ಹಲ್ಲಿಲ್ದೆ ಬಸ್ಸು ಬಫ್ಫಾಗ್ಬಿಡತ್ತೆ ಕಣೇ,” ಎಂದು ನಗುತ್ತಿದ್ದಳು.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಗೆ ಸೇರಿಸಿದ ಮೊದಲ ಬೆಳಿಗ್ಗೆಯೇ ಹಾಸಿಗೆಯ ಬಟ್ಟೆ ಬದಲಿಸುವಾಗ ಸೆಟ್ಟು ಕಾಣೆಯಾಯಿತು. ಆಮೇಲೆ ದೊಡ್ಡ ಡಾಕ್ಟರು ವಿದ್ಯಾರ್ಥಿಗಳ ಹಿಂಡನ್ನೇ ಕಟ್ಟಿಕೊಂಡು ಬಂದರು. ಒಬ್ಬ ಹುಡುಗಿ ಅಕ್ಕನ ಗಲ್ಲ ಹಿಡಿದು, “ಅಜ್ಜಿ, ಇದು ಯಾವ ಜಾಗ ಹೇಳು ಪುಟ್ಟಾ? ಹೇಳಿದ್ರೆ ಜಾಣೆ!” ಎಂದಳು. ಅಕ್ಕ ಹೊದಿಕೆಯನ್ನು ಬಾಯಿಯ ಮೇಲೆ ಎಳೆದುಕೊಂಡಳು. ಇನ್ನೂ ಏನೇನೋ ಕೇಳಿದರು. ಅಕ್ಕ ತುಟಿ ಬಿಚ್ಚಲಿಲ್ಲ.

“ವಯಸ್ಸಾಯ್ತಲ್ಲ, ಅರಳುಮರುಳು,” ಎಂದು ಡಾಕ್ಟರು ಅವಳ ಎದುರಿಗೇ ಪಾಠ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು.

“ಅವಳ ಹಲ್ಲಿನ ಸೆಟ್ಟು ಕಳೆದಿದೆ ಸಾರ್, ನಾಚಿಕೆಗೆ ಮಾತಾಡ್ತಿಲ್ಲ.”

“ಹಲ್ಲಿಲ್ದೋರು ಮಾತಾಡಲ್ವೇನಮ್ಮಾ? ಮನೇಲಿ ಚಿಕ್ಕವರು ಯಾರೂ ಇಲ್ವಾ?” ಎಂದರು. ನನ್ನ ತಲೆಯೂ ನೆರೆತಿದೆಯಲ್ಲ, ನನ್ನ ಮಾತೂ ಲೆಕ್ಕಕ್ಕಿಲ್ಲ. ಹೊರಡುವ ಮುಂಚೆ ಒಂದು ಮಾತು ಹೇಳಿದರು. “ನಾಳೆ ಇನ್ನೊಂದ್ಸಲ ಕೇಳ್ತೀವಿ. ಬುದ್ಧಿ ನೆಟ್ಟಗಿದ್ರೆ ಆಪರೇಷನ್ ಮಾಡಿ ನಡೆಸ್ಬಹುದು. ಇಲ್ಲಾಂದ್ರೆ ವ್ಯಾಯಾಮ ಹೇಳಿಕೊಟ್ರೂ ಮಾಡಲ್ಲ, ಸುಮ್ನೆ ಹಿಂಸೆ. ಮನೇಲೇ ಮಲಗಿಸಿ ನೋಡ್ಕೊಳ್ಳಿ.”

ಅಕ್ಕ ಎದ್ದು ನಡೆಯುವುದು ನಾಳೆಯ ಒಂದು ಉತ್ತರದ ಮೇಲೆ ನಿಂತಿತು. ನಾನು ಬಟ್ಟೆ ಒಗೆಯುವ ಕಟ್ಟಡಕ್ಕೆ ಹೋಗಿ, ಬೈಸಿಕೊಂಡು, ಕೊಳೆ ಹೊದಿಕೆಗಳ ರಾಶಿಯನ್ನೆಲ್ಲ ಒದರಿದೆ. ಸೆಟ್ಟು ಟಣ್ಣೆಂದು ನೆಲಕ್ಕೆ ಬಿತ್ತು. ದೇವರು ದೊಡ್ಡವನು, ಒಡೆದಿರಲಿಲ್ಲ! ಬಿಸಿನೀರಲ್ಲಿ ತೊಳೆದು ಕೊಟ್ಟೆ. ಅಕ್ಕ ಹಾಕಿಕೊಂಡು, ನಾಲಿಗೆಯಾಡಿಸಿ, “ಬಸ್ಸು” ಎಂದಳು. ಮತ್ತೆ “ಬಸ್ಸು” ಎಂದಳು. ಇಬ್ಬರೂ ಬಿದ್ದುಬಿದ್ದು ನಕ್ಕೆವು.

“ನಾಳೆ ಬರ್ಲಿ ಆ ಪುಟಾಣಿ ಡಾಕ್ಟ್ರಮ್ಮ, ಸರಿಯಾಗಿ ಹೇಳ್ತೀನಿ,” ಎಂದಳು.

ಮರುದಿನ ಅದೇ ಹಿಂಡು, ಅದೇ ಹುಡುಗಿ. “ಪುಟ್ಟಾ, ಇದು ಯಾವ ಜಾಗ?”

ಅಕ್ಕ ನನ್ನತ್ತ ಒಮ್ಮೆ ಕಣ್ಣು ಮಿಟುಕಿಸಿ, ಗಂಟಲು ಸರಿಮಾಡಿಕೊಂಡಳು. ಇಡೀ ವಾರ್ಡು ತಿರುಗಿ ನೋಡುವಂತೆ, “ಪ್ರಯಾಣಿಕರ ಗಮನಕ್ಕೆ! ಪ್ರಯಾಣಿಕರ ಗಮನಕ್ಕೆ!” ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿ ಚಪ್ಪಾಳೆ ತಟ್ಟಿ, “ಅಯ್ಯೋ, ಎಷ್ಟು ಮುದ್ದಾಗಿದ್ದಾರೆ!” ಎಂದಳು. ಡಾಕ್ಟರು ಅಕ್ಕನ ತಲೆ ನೇವರಿಸಿ, “ಆಯ್ತಜ್ಜಿ, ಬಸ್ ಬರತ್ತೆ, ಮಲಗಿ,” ಎಂದು ವಿದ್ಯಾರ್ಥಿಗಳತ್ತ ತಿರುಗಿದರು. “ನೋಡಿದ್ರಾ? ಬಸ್ ಸ್ಟ್ಯಾಂಡಲ್ಲಿದೀನಿ ಅಂದ್ಕೊಂಡಿದ್ದಾರೆ.” ಹಿಂಡು ಪಕ್ಕದ ಹಾಸಿಗೆಗೆ ಸರಿಯಿತು.

ಆ ನಗುವಿನ ನಡುವೆ ಅಕ್ಕ ಉಳಿದದ್ದನ್ನೂ ಹೇಳಿದಳು. “ಇದು ಆಸ್ಪತ್ರೆ, ಮೂಳೆ ವಾರ್ಡು. ನನ್ನ ಬುದ್ಧಿ ಸರಿಯಾಗಿದೆ. ನಾನು ನಡೀಬೇಕು.” ಒಂದೇ ಸಲ ಹೇಳಿದಳು. ಕೇಳಿಸಿದ್ದು ನನಗೊಬ್ಬಳಿಗೇ.

“ತಮಾಷೆ ಮಾಡಿದ್ಳು ಸಾರ್! ಅದು ಅವಳ ಕೆಲಸ ಸಾರ್!” ಎಂದು ಅವರ ಹಿಂದೆಯೇ ಓಡಿ ಕೂಗಿದೆ. ನರ್ಸಮ್ಮ ಬಂದು ನನ್ನ ಬೆನ್ನು ಸವರಿ, ಕುರ್ಚಿ ಹಾಕಿ, ಕುಡಿಯಲು ನೀರು ಕೊಟ್ಟಳು. ಅವರು ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಎಲ್ಲರೂ ಪ್ರೀತಿಯಿಂದಲೇ ಇದ್ದರು. ಆ ಪ್ರೀತಿಗೆ ಬೆಂಕಿ ಬೀಳಲಿ.

ಹಾಸಿಗೆಯ ಬಳಿ ತಿರುಗಿ ಬಂದಾಗ ಅಕ್ಕ ಸೆಟ್ಟನ್ನು ತೆಗೆದು ಕೈಯಲ್ಲಿ ಹಿಡಿದಿದ್ದಳು. ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

ಮನೆಗೆ ಕರೆತಂದ ಮೇಲೆ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. ನೀರು ಬೇಕೆಂದರೂ ಒಂದೇ ಸಲ ಹೇಳುತ್ತಿದ್ದಳು, ಅದೂ ಹೊದಿಕೆಯೊಳಗಿಂದ. ಎಷ್ಟೋ ಸಲ ನನಗೆ ತಿಳಿಯುತ್ತಿರಲಿಲ್ಲ. “ಇನ್ನೊಂದ್ಸಲ ಹೇಳಕ್ಕ, ನಿನ್ನ ದಮ್ಮಯ್ಯ,” ಎಂದು ಬೇಡುತ್ತಿದ್ದೆ. ಅವಳು ಗೋಡೆಯತ್ತ ಮುಖ ತಿರುಗಿಸುತ್ತಿದ್ದಳು. ಹೋಗುವ ದಿನ ಬೆಳಿಗ್ಗೆ ನನ್ನ ಕೈ ಹಿಡಿದು ಏನೋ ಹೇಳಿದಳು. ಏನು ಹೇಳಿದಳೋ, ನನಗಿನ್ನೂ ಗೊತ್ತಿಲ್ಲ.