ಶಾಂತತ್ತಿ ಫ್ರಿಜ್ಜಿನ ಗುಂಡಿ

ಇವತ್ತು ಗಂಗಾವತಿಯಾಗ ಅಕ್ಕನ ಮನಿಗೆ ಹೊಸ ಫ್ರಿಜ್ ಬಂತು. ಬಾಗಲಾ ತೆಗೆದ ಕೂಡ್ಲೆ ಬಂದ ಆ ಹೊಸ ವಾಸನಿ ನನ್ನನ್ನ ಮರಳಿ ಊರಾಗಿನ ನಮ್ಮ ಹಳೇ ಓಣಿಗೆ ಕರ್ಕೊಂಡು ಹೋತು.

ಅಕ್ಕಗ ಸಣ್ಣಾಕಿ ಇದ್ದಾಗಿಂದ ಸಕ್ಕರಿ ಕಾಯಿಲೆ. ದಿನಾ ಇನ್ಸುಲಿನ್ ಬೇಕು, ಅದನ್ನ ಇಡಾಕ ನಮ್ಮನ್ಯಾಗ ಫ್ರಿಜ್ ಇರಲಿಲ್ಲ. ಬಾಜೂ ಮನಿ ಶಾಂತತ್ತಿ ತಮ್ಮ ಫ್ರಿಜ್ಜಿನಾಗ ಜಾಗ ಕೊಟ್ಟಿದ್ರು. ಒಂದು ಬ್ಯಾಸಗಿಯಾಗ ಐಸ್ ಲಗೂ ಆಗ್ಲಿ ಅಂತ ಅವರ ಮಕ್ಕಳು ಒಳಗಿನ ಥಂಡಿ ಗುಂಡಿ ಏಳನೇ ಅಂಕಿಗೆ ತಿರುವಿಬಿಟ್ರು. ಮುಂಜಾನೆ ನೋಡಿದ್ರ ಔಷಧ ಗಡ್ಡಿ ಕಟ್ಟಿತ್ತು.

"ಇದು ಕರಗಿದ್ರೂ ಉಪಯೋಗ ಇಲ್ಲ," ಅಂದ್ರು ಡಾಕ್ಟರ್, ಬ್ಯಾರೆ ಬಾಟ್ಲಿ ಕೊಡುತ್ತ. "ಅಂಕಿ ಏರಿದಂಗ ಥಂಡಿ ಏರತೈತಿ. ಗುಂಡಿ ನಡುವ ಇರಲಿ. ಬಾಟ್ಲಿ ಐಸಿನ ಖಾನೆಯಿಂದ ದೂರ ಇಡ್ರಿ."

ಅವ್ವ ಮತ್ತ ಅಲ್ಲಿ ಇಡಾಕ ಅಂಜಿದ್ಲು. ಶಾಂತತ್ತಿನ ನಮ್ಮನಿಗೆ ಬಂದು ಬಾಟ್ಲಿ ಇಸ್ಕೊಂಡು ಹೋದ್ರು. ಗುಂಡಿ ನಡುವಿನ ನಾಕಕ್ಕ ಇಟ್ಟು ಮಕ್ಕಳಿಗೆ ಹೇಳಿದ್ರು: "ಐಸ್ ತಡಾ ಆದ್ರ ಆಗ್ಲಿ. ಈ ಹುಡುಗಿ ಔಷಧ ಕೆಡಬಾರ್ದು." ಆಮ್ಯಾಲೆ ಆ ಗುಂಡಿ ಯಾರೂ ಮುಟ್ಟಲಿಲ್ಲ.

ಇವತ್ತು ಅಕ್ಕ ತನ್ನ ಫ್ರಿಜ್ಜಿನಾಗ ತಾನ ಔಷಧ ಇಟ್ಟು, ಕೂಸನ್ನ ಬಗಲಾಗ ಎತ್ಕೊಂಡು, ಮರಳಿಯಾಗಿನ ಶಾಂತತ್ತಿಗೆ ಫೋನ್ ಹಚ್ಚಿದ್ಲು: "ಅತ್ತಿ, ಐತವಾರ ನನ್ನ ಮಗಳನ್ನ ತೊಟ್ಲಾಗ ಹಾಕ್ತೀವಿ. ಹೆಸರು ನೀವ ಇಡಬೇಕ್ರಿ."